ಇಪ್ಪತ್ತನೆಯ ಬಾಬ್ತು

ಮೆಂಫಿಸ್, ಯೂನಿಯನ್ ಅವೆನ್ಯೂ, ಮೂರನೆಯ ಮಹಡಿ.
ವಕೀಲಳಾಗಿ ಹದಿನಾಲ್ಕು ತಿಂಗಳು.
ಕೋರ್ಟು ಕಂಡದ್ದು ಎರಡೇ ಸಲ,
ಅದರಲ್ಲೊಂದು ಪ್ರಮಾಣವಚನಕ್ಕೆ.
ಮಿಕ್ಕಂತೆ ನಾನು ಹೆಸರಿನ ವ್ಯಾಪಾರದವಳು.

ಬೆಳಿಗ್ಗೆ ಅಂಗಡಿಗಳ ಹೆಸರು:
ಕೋಳಿರೆಕ್ಕೆ ಕರಿಯುವವನು, ಕಾರು ತೊಳೆಯುವವನು,
ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು,
ಯಾರದೋ ಹೆಸರನ್ನು ಬಾಡಿಗೆಗೆ ತಂದು
ಬಾಗಿಲ ಮೇಲೆ ಹೊತ್ತಿಸಿಕೊಂಡವರು.
ನೂರಕ್ಕೆ ಆರು ರಾಯಧನ, ಜಾಹೀರಾತಿಗೆ ಎರಡು,
ತೇಲಿದರೂ ಕೊಡು, ಮುಳುಗಿದರೂ ಕೊಡು.
ಮಧ್ಯಾಹ್ನದ ಮೇಲೆ ಹಾಡುವವರು.
ಅವರದು ಸ್ವಂತ ಹೆಸರು. ಮಾರಲು ಬಂದಿರುತ್ತಾರೆ.

ಕರಾರಿನ ಭಾಷೆ ಕಲಿಯಲು ನನಗೆ
ಮೂರು ವರ್ಷ, ತೊಂಬತ್ತು ಸಾವಿರ ಡಾಲರ್ ಸಾಲ.
ಅಪ್ಪ ಒಂದೇ ಮಧ್ಯಾಹ್ನದಲ್ಲಿ ಕಲಿತ.

ಲಾಮಾರ್ ಅವೆನ್ಯೂನಲ್ಲಿ ಅವನದೊಂದು ಮೀನಂಗಡಿ.
ಹಳದಿ ಫಲಕ, ನೀಲಿ ದೋಣಿ,
ಅಟ್ಲಾಂಟಾದಲ್ಲಿ ಕೂತ ಯಾರದೋ ಹೆಸರು.
ಹಿಟ್ಟು ಅವರದು, ಎಣ್ಣೆ ಅವರದು,
ಸುಟ್ಟುಕೊಳ್ಳುವ ಕೈ ಮಾತ್ರ ಇವನದು.
ಶುಕ್ರವಾರ ಸಂಜೆ ಸರದಿ ರಸ್ತೆಗಿಳಿಯುತ್ತಿತ್ತು.
ಯಾಕೆಂದು ನಾನು ಬಲ್ಲೆ:
ಅಜ್ಜಿಯ ಮೆಣಸಿನಪುಡಿ ಹಿಟ್ಟಿಗೊಂದು ಚಿಟಿಕೆ,
ಡಬ್ಬಿ ಹಿಡಿದು ನಿಲ್ಲುತ್ತಿದ್ದವಳು ನಾನೇ.
ತಪಾಸಣೆಗೆ ಬಂದವನೂ ತಿಂದ, ಬೆರಳು ಚೀಪಿದ,
ಆಮೇಲೆ ಹೆಸರಿಟ್ಟ.
ಮೂವತ್ತು ದಿನದ ನೋಟೀಸು. ಏಣಿ ಹಾಕಿ ಫಲಕ ಇಳಿಸಿದರು.
ಎರಡು ವರ್ಷ, ಹತ್ತು ಮೈಲಿಯ ಒಳಗೆ
ಅವನು ಮೀನು ಕರಿದು ಮಾರಕೂಡದು.
ಅಮ್ಮ ಹೆದರಿ ಮನೆಯಲ್ಲೂ ಕರಿಯಲಿಲ್ಲ.
ಅಷ್ಟು ಬೇಕಿರಲಿಲ್ಲ ಅಂತ ಈಗ ನನಗೆ ಗೊತ್ತು.

ಕೆಲಸದ ಮೊದಲ ವಾರ ಹಿರಿಯ ಪೆಟ್ಟಿಗ್ರೂ
ಗೋದಾಮಿನಿಂದ ಒಂದು ಹಳೆಯ ಕಡತ ತರಿಸಿ
"ಇದನ್ನು ಓದಿ ಕಲಿ" ಎಂದ. ಇಪ್ಪತ್ತಮೂರು ಬಾಬ್ತು.
ಶುಲ್ಕ, ದಾವೆ, ದಿವಾಳಿ, ಎಲ್ಲ ಬಿಚ್ಚಿ ಹೇಳಬೇಕು,
ಹೇಳಿದ ಮೇಲೆ ಹದಿನಾಲ್ಕು ದಿನ ಸಹಿ ಕೇಳಕೂಡದು.
ಕಾನೂನಿಗೂ ಒಂದಿಷ್ಟು ಕರುಳಿದೆ.
ಇಪ್ಪತ್ತನೆಯದು ಬಿಟ್ಟುಹೋದವರ ಪಟ್ಟಿ:
ಹೆಸರು, ಊರು, ಫೋನು,
ಹೊಸಬ ಬೇಕಿದ್ದರೆ ಕೇಳಿ ತಿಳಿಯಲಿ ಅಂತ.
ಹಾಳೆಯ ನೆತ್ತಿಯಲ್ಲಿ ಮಾಸಿದ ನೀಲಿ ದೋಣಿ.
ಬಾಸ್ಕಿನ್, ಕ್ಲೀವನ್. ಮೆಂಫಿಸ್.
ಮುಂದೆ, ನಮ್ಮ ಅಡುಗೆಮನೆಯ ಗೋಡೆಯ ಸಂಖ್ಯೆ.

ಆ ವರ್ಷ ಯಾರ್‍ಯಾರೋ ಫೋನು ಮಾಡುತ್ತಿದ್ದರು.
ಅಪ್ಪ ವಯರನ್ನು ಬೆರಳಿಗೆ ಸುತ್ತಿಕೊಂಡು
ಊಟ ಆರುವ ತನಕ ಮಾತಾಡುತ್ತಿದ್ದ.
ಯಾರಪ್ಪಾ ಅಂದರೆ, "ಮೀನಿನವರು."
ಒಬ್ಬರಿಗೂ ಬೇಡ ಅನ್ನಲಿಲ್ಲವಂತೆ.
ಎಣ್ಣೆ ಎಷ್ಟು ದಿನಕ್ಕೆ ಬದಲಿಸಬೇಕು,
ಅಟ್ಲಾಂಟಾ ಎಷ್ಟು ದಿನ ಅನ್ನುತ್ತದೆ, ಎರಡನ್ನೂ ಹೇಳುತ್ತಿದ್ದನಂತೆ.

ಇವತ್ತು ನಾಲ್ಕು ಗಂಟೆಗೆ ಮಾರ್ಕೆಲ್ ಬಂದ.
ಹತ್ತೊಂಬತ್ತು ವರ್ಷ, ಗಿಟಾರಿನ ಪೆಟ್ಟಿಗೆಗೆ ಟೇಪು,
ವೇದಿಕೆಗೆ ಅಜ್ಜಿಯ ಹೆಸರು ಇಟ್ಟುಕೊಂಡಿದ್ದಾನೆ.
ಕರಾರು ಆ ಹೆಸರನ್ನು ಕೇಳುತ್ತದೆ, ಮುಖವನ್ನು, ದನಿಯನ್ನು,
ವಿಶ್ವದಾದ್ಯಂತ, ಎಂದೆಂದಿಗೂ.
"ವಿಶ್ವ ಅಂದರೆ?"
"ಶನಿಗ್ರಹದಲ್ಲಿ ನಿನ್ನ ಹಾಡು ಹಾಕಿದರೂ ದುಡ್ಡು ಅವರದು."
ನಕ್ಕ. "ಅಲ್ಲಿಯವರೆಗೆ ಹೋದರೆ ಸಾಕಲ್ಲ ಮೇಡಂ?
ನಾಳೆಯೇ ಸಹಿ ಕೇಳಿದ್ದಾರೆ."

ಹಾಡುವವರಿಗೆ ಕಾನೂನು ಹದಿನಾಲ್ಕು ದಿನ ಕೊಟ್ಟಿಲ್ಲ.
ಬಿಟ್ಟುಹೋದವರ ಪಟ್ಟಿಯೂ ಇಲ್ಲ.
ಸುಮ್ಮನೆ ಕೂತೆ. ಆಮೇಲೆ ಹಳೆಯ ದಾವೆಗಳನ್ನು ಕೆದಕಿ
ಹಳದಿ ಹಾಳೆಯಲ್ಲಿ ಎರಡು ಹೆಸರು ಬರೆದೆ:
ಒಬ್ಬ ಈಗ ಸಿಟಿ ಬಸ್ಸು ಓಡಿಸುತ್ತಾನೆ,
ಇನ್ನೊಬ್ಬಳು ಆರ್ಚರ್ಡ್ ಮೌಂಡಿನ ಚರ್ಚಿನಲ್ಲಿ ಭಾನುವಾರ ಮಾತ್ರ ಹಾಡುತ್ತಾಳೆ.
ಆರು ನಿಮಿಷಕ್ಕೊಮ್ಮೆ ಲೆಕ್ಕ ತುಂಬುವ ನಮ್ಮ ಪುಸ್ತಕದಲ್ಲಿ
ಈ ಕೆಲಸಕ್ಕೆ ಕಾಲಮ್ಮಿಲ್ಲ.

"ಫೋನು ಮಾಡು," ಅಂದೆ.
"ಬೇಡ ಅನ್ನಲಾರರು ಅವರು.
ಎಣ್ಣೆಯ ಮಾತಾಡುತ್ತಾರೆ. ಕೇಳಿಸಿಕೋ."
"ಎಣ್ಣೆ?" ಅಂದ.